ಕೈಗೂಡದ ಕೋರಿಕೆ ಮತ್ತು ಭರವಸೆ

ದಿವ್ಯ ಕರುಣೆಯ ಯೇಸುವಿನ ಚಿತ್ರವಿಲ್ಲದ ಕಥೋಲಿಕ ಮನೆ ಇಂದು ಅಪರೂಪ. ಪೋಲೆಂಡಿನ ಸಂತ ಫೌಸ್ತೀನಾರಿಗೆ 1931ರಲ್ಲಿ ದೊರೆತ ದರ್ಶನದಿಂದ ಮೂಡಿದ ಈ ಚಿತ್ರದ ಕೆಳಗೆ, ಯೇಸುಸ್ವಾಮಿಯಲ್ಲಿ ಭರವಸೆಯನ್ನು ಅರಿಕೆಮಾಡುವ ಚಿಕ್ಕ ವಾಕ್ಯವೊಂದು ಇರುತ್ತದೆ. ಮನೆಗಳನ್ನು ಆಶೀರ್ವದಿಸಲು ಹೋದಾಗ, ಅದೇ ಪೀಠದ ಮೇಲೆ ಮೇಣದ ಬತ್ತಿಯ ಪಕ್ಕದಲ್ಲಿ ಮಗನ ಪರೀಕ್ಷೆಯ ಪ್ರವೇಶಪತ್ರ, ಗಲ್ಫ್ ವೀಸಾ ಅರ್ಜಿಯ ಪ್ರತಿ, ರಕ್ತಪರೀಕ್ಷೆಯ ವರದಿ ಇವುಗಳನ್ನು ಮಡಿಸಿಟ್ಟಿರುವುದನ್ನು ಕಂಡಿದ್ದೇನೆ. ಇದರಲ್ಲಿ ತಪ್ಪೇನೂ ಇಲ್ಲ. ಮಕ್ಕಳು ತಮ್ಮ ಬೇಕುಗಳನ್ನು ತಂದೆಯ ಮುಂದೆ ಇಡದೆ ಮತ್ತಾರ ಮುಂದೆ ಇಡಬೇಕು? ಆದರೆ ವೀಸಾ ಬಾರದೆ ಹೋದ ಮರುವಾರದಿಂದ ಆ ಮನೆಯವರು ಬಲಿಪೂಜೆಗೆ ಬರುವುದನ್ನೇ ನಿಲ್ಲಿಸಿದರೆ, ಚಿತ್ರದ ಕೆಳಗಿನ ವಾಕ್ಯವನ್ನು ಅವರು ಇಷ್ಟು ದಿನ ಯಾವ ಅರ್ಥದಲ್ಲಿ ಓದುತ್ತಿದ್ದರು ಎಂಬ ಪ್ರಶ್ನೆ ಏಳುತ್ತದೆ.

ಒಂಬತ್ತು ದಿನ ತಪ್ಪದೆ ಜಪಿಸಿದರೆ ಕೋರಿದ್ದು ಖಂಡಿತ ಕೈಗೂಡುವುದು, ಇದನ್ನು ಒಂಬತ್ತು ಮಂದಿಗೆ ತಲುಪಿಸದಿದ್ದರೆ ಕೇಡು ತಪ್ಪದು ಎಂಬ ಒಕ್ಕಣೆಯ ಚೀಟಿಗಳು ಹಿಂದೆ ದೇವಾಲಯದ ಬೆಂಚುಗಳ ಮೇಲೆ ಬಿದ್ದಿರುತ್ತಿದ್ದವು. ಈಗ ಅವು ಮೊಬೈಲ್ ಫೋನಿಗೇ ಬರುತ್ತವೆ. ನಿಸ್ಸಂಕೋಚವಾಗಿ ಅಳಿಸಿಹಾಕಿರಿ. ನೊವೆನಾ ಶ್ರೇಷ್ಠವಾದ ಪ್ರಾರ್ಥನೆ. ಆದರೆ ದೇವರನ್ನು ಶಿಫಾರಸಿಗೆ ಓಗೊಡುವ ಅಧಿಕಾರಿಯ ಮಟ್ಟಕ್ಕೆ ಇಳಿಸುವ ಭಕ್ತಿಯು ತನ್ನೊಳಗೆ ಅವಿಶ್ವಾಸವನ್ನೇ ಬಚ್ಚಿಟ್ಟುಕೊಂಡಿರುತ್ತದೆ. ಫಲ ಮೊದಲೇ ಖಾತ್ರಿಯಾಗಿರುವಲ್ಲಿ ಭರವಸೆಗೆ ಎಡೆಯೆಲ್ಲಿ?

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಒಂದಿದೆ. ಎಲ್ಲವನ್ನೂ ದೇವರೇ ನೋಡಿಕೊಳ್ಳುತ್ತಾರೆಂದು ಕೈಕಟ್ಟಿ ಕುಳಿತುಕೊಳ್ಳುವುದು ಕೆಲವರಿಗೆ ವಿಶ್ವಾಸದ ಪರಾಕಾಷ್ಠೆಯಾಗಿ ತೋರುತ್ತದೆ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಹಾಗೆ ಎಣಿಸಲಿಲ್ಲ. ತನ್ನಿಂದ ಆಗುವುದನ್ನು ಮಾಡದೆ ದೇವರ ನೆರವನ್ನೇ ಎದುರುನೋಡುವುದು ದೇವರನ್ನು ಪರೀಕ್ಷಿಸಿದಂತೆ ಎಂದು ಅವರು ತಮ್ಮ 'ಸುಮ್ಮಾ' ಗ್ರಂಥದಲ್ಲಿ ವಾದಿಸಿದ್ದಾರೆ. ದೇವರು ತಮ್ಮ ಪಾಲನೆಯನ್ನು ಸೃಷ್ಟಿಗಳ ಮೂಲಕವೂ ನಡೆಸುತ್ತಾರೆ, ಕಾರಣವಾಗುವ ಘನತೆಯನ್ನು ಅವುಗಳಿಗೂ ಹಂಚಿದ್ದಾರೆ ಎಂಬುದು ಅವರ ವಿಚಾರ. ವೈದ್ಯರ ಔಷಧ, ರೈತನ ಉಳುಮೆ, ವಿದ್ಯಾರ್ಥಿಯ ಓದು ಎಲ್ಲವೂ ಆ ಪಾಲನೆಯ ಕೈಗಳೇ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನಿಲ್ಲಿಸಿ, ಧ್ಯಾನಕೂಟದಿಂದ ತಂದ ಎಣ್ಣೆಯನ್ನಷ್ಟೇ ನೆಚ್ಚಿಕೊಂಡವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ಹಾಗಾದರೆ ಸಂಸಾರಸ್ಥರ ಭರವಸೆ ಎಂಥದಿರಬೇಕು? ಇದನ್ನು ಅರಿಯಲು ತಪಸ್ವಿಗಳನ್ನು ಅರಸಿ ಹೋಗಬೇಕಾಗಿಲ್ಲ. ಫ್ರಾನ್ಸಿನ ಅಲಾಂಸೋನ್ ಪಟ್ಟಣದಲ್ಲಿ ಲೂಯಿ ಮಾರ್ಟಿನ್ ಎಂಬವರು ಗಡಿಯಾರದ ಅಂಗಡಿ ಇಟ್ಟಿದ್ದರು. ಅವರ ಪತ್ನಿ ಜೆಲಿಯವರು ನೂಲಿನ ಲೇಸು ಹೆಣೆಸಿ ಮಾರುವ ಉದ್ಯಮ ನಡೆಸುತ್ತಿದ್ದರು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡರು. ಬಳಿಕ ಜೆಲಿಯವರಿಗೆ ಸ್ತನದ ಕ್ಯಾನ್ಸರ್ ತಗಲಿತು. ಅವರು ವೈದ್ಯರ ಬಳಿಗೆ ಹೋದರು. ಶಸ್ತ್ರಚಿಕಿತ್ಸೆಗೆ ಕಾಲ ಮೀರಿದೆಯೆಂಬ ಉತ್ತರ ಬಂತು. 1877ರ ಜೂನ್ ತಿಂಗಳಲ್ಲಿ ಮೂವರು ಹಿರಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಲೂರ್ದು ಮಾತೆಯ ಯಾತ್ರೆಗೆ ಹೋದರು; ಅಲ್ಲಿನ ನೀರಿನಲ್ಲಿ ಮುಳುಗೆದ್ದರು. ಗುಣವಾಗಲಿಲ್ಲ. ಅದೇ ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ಮಗಳಿಗೆ ಆಗ ನಾಲ್ಕೂವರೆ ವರ್ಷ. ಲೂಯಿಯವರ ಇಳಿವಯಸ್ಸೂ ಸುಖದ್ದಾಗಿರಲಿಲ್ಲ. ಬುದ್ಧಿ ಮಂಕಾಗಿ, 1889ರಿಂದ ಮೂರು ವರ್ಷಗಳನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದರು.

ಲೂರ್ದಿನಲ್ಲಿ ಜೆಲಿಯವರು ಗುಣ ಹೊಂದಿದ್ದರೆ ನಾವೆಲ್ಲರೂ ಅವರ ವಿಶ್ವಾಸ ಫಲಿಸಿತು ಎನ್ನುತ್ತಿದ್ದೆವು. ಧರ್ಮಸಭೆಯು ಆ ಫಲಕ್ಕೆ ಕಾಯದೆ, 2015ರ ಅಕ್ಟೋಬರ್ 18ರಂದು ಈ ದಂಪತಿಗಳಿಬ್ಬರನ್ನೂ ಸಂತರೆಂದು ಘೋಷಿಸಿತು. ಅವರ ಕೊನೆಯ ಮಗಳೇ ನಮ್ಮ ದೇವಾಲಯಗಳಲ್ಲಿ ಗುಲಾಬಿ ಹೂಗಳನ್ನು ಹಿಡಿದು ನಿಂತಿರುವ ಬಾಲಯೇಸುವಿನ ಸಂತ ತೆರೇಸಾ. ಕ್ಷಯರೋಗದಿಂದ 1897ರಲ್ಲಿ, 24ನೆಯ ವಯಸ್ಸಿನಲ್ಲಿ ಅಗಲಿದ ಆಕೆಗೆ, ಕೊನೆಯ ಒಂದೂವರೆ ವರ್ಷ ಪರಲೋಕದ ವಿಚಾರವೇ ಕಗ್ಗತ್ತಲಾಗಿತ್ತು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2023ರ ಅಕ್ಟೋಬರಿನಲ್ಲಿ ದೇವರ ಮೇಲಿನ ಭರವಸೆಯ ಬಗ್ಗೆ ಪ್ರಬೋಧನೆಯೊಂದನ್ನು ಹೊರಡಿಸಿದಾಗ ಆರಿಸಿಕೊಂಡದ್ದು ಈ ಕತ್ತಲನ್ನು ಕಂಡವಳನ್ನೇ.

ತತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಘಟನೆಯೊಂದರ ನಿರೀಕ್ಷೆಯೇ ಬೇರೆ, ವ್ಯಕ್ತಿಯ ಮೇಲಿನ ಭರವಸೆಯೇ ಬೇರೆ. ಮೊದಲನೆಯದು ಹುಸಿಯಾದಾಗಲೂ ಎರಡನೆಯದು ಉಳಿಯಬಲ್ಲುದು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ದಂಪತಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮರುಭೂಮಿಯಲ್ಲಿ ಇಸ್ರಯೇಲರು ಮನ್ನವನ್ನು ಮರುದಿನಕ್ಕೆಂದು ಉಳಿಸಿಕೊಂಡಾಗ ಅದಕ್ಕೆ ಹುಳು ಬಿದ್ದುದನ್ನು ವಿಮೋಚನಾಕಾಂಡದ 16ನೆಯ ಅಧ್ಯಾಯ ತಿಳಿಸುತ್ತದೆ. ಆರನೆಯ ದಿನ ಮಾತ್ರ ಎರಡು ಪಾಲು ಕೂಡಿಸಲು ಅಪ್ಪಣೆಯಿತ್ತು. ಆದ್ದರಿಂದ ಉಳಿತಾಯವೂ ವಿಮೆಯೂ ಪಾಪವೆಂದು ಯಾರೂ ಭಾವಿಸಬಾರದು. ಕೊಳೆತುಹೋಗುವುದು ನಾಳೆಯ ಭಯದಿಂದ ಕೂಡಿಟ್ಟದ್ದು. ಈ ಭಯವೇ ಅಂಗಡಿಯ ತಕ್ಕಡಿಯಲ್ಲಿ ಕೈವಾಡ ಮಾಡಿಸುತ್ತದೆ. ನೌಕರಿಗಾಗಿ ಲಂಚ ಕೊಡಿಸುತ್ತದೆ. ನಾಲ್ಕು ಜನ ಏನೆಂದಾರೋ ಎಂದು ಸಾಲಮಾಡಿ ಮಗಳ ಮದುವೆಯನ್ನು ಅದ್ದೂರಿಯಾಗಿ ಮಾಡಿಸುತ್ತದೆ. ಗುರುವಾರದ ನೊವೆನಾಕ್ಕೆ ತಪ್ಪದೆ ಬರುವವರ ಮನೆಗಳಲ್ಲೂ ಇವು ನಡೆಯುತ್ತವೆ ಎಂಬುದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ.

ಸಂಜೆಯ ಜಪಸರ ಮುಗಿದ ಮೇಲೆ ಒಬ್ಬೊಬ್ಬರಾಗಿ ಕೋರಿಕೆಗಳನ್ನು ಹೇಳುವ ವಾಡಿಕೆ ಅನೇಕ ಕುಟುಂಬಗಳಲ್ಲಿದೆ. ಒಂದು ವಾರದ ಮಟ್ಟಿಗೆ, ಕೋರಿಕೆಯೊಂದಿಗೆ ಅದಕ್ಕಾಗಿ ನಾಳೆ ತಾವು ಮಾಡಲಿರುವ ಕೆಲಸವನ್ನೂ, ಹಿಂದೆ ಬೇಡಿ ದೊರೆಯದೆ ಹೋದ ಒಂದನ್ನೂ ಪ್ರತಿಯೊಬ್ಬರು ಹೇಳಲಿ. ಹಿರಿಯರು ಇದಕ್ಕೆ ಹಿಂಜರಿಯುತ್ತಾರೆಂದು ಬಲ್ಲೆ. ದೇವರು ಕೊಡದಿದ್ದುದನ್ನು ಮಕ್ಕಳೆದುರು ಆಡಿದರೆ ಅವರ ವಿಶ್ವಾಸ ಕುಗ್ಗೀತೆಂಬ ಅಂಜಿಕೆ ಅವರದು. ತಾಯಿ ಗುಣವಾಗದೆಯೇ ಲೂರ್ದಿನಿಂದ ಹಿಂದಿರುಗಿದ್ದನ್ನು ಜೆಲಿಯವರ ಮೂವರು ಹೆಣ್ಣುಮಕ್ಕಳು ಜೊತೆಯಲ್ಲಿದ್ದು ಕಂಡವರು. ಮುಂದೆ ಆ ಮೂವರೂ ಕನ್ಯಾಮಠವನ್ನು ಸೇರಿದರು.