ನೆನಪೊಂದೇ ಸಾಕ್ಷಿಯಾದಾಗ

ಕೊರಿಯಾ ದೇಶದ ದೂರದರ್ಶನ ನಾಟಕಗಳ ಮೇಲೆ ಪ್ರೇಕ್ಷಕರು ಹೊರಿಸುತ್ತ ಬಂದಿರುವ ಆರೋಪಗಳಲ್ಲಿ ಮರೆವಿನ ಆರೋಪವು ಬಹು ಹಳೆಯದು. ನಾಯಕನಿಗೆ ಅಪಘಾತವಾಗುವದು, ತಲೆಗೆ ಪೆಟ್ಟು ಬೀಳುವದು, ಕಣ್ಣು ತೆರೆದಾಗ ಪ್ರಿಯರ ಗುರುತು ಹತ್ತದಿರುವದು, ಕಡೆಯ ಕಂತಿನ ಹೊತ್ತಿಗೆ ಎಲ್ಲವೂ ತಾನಾಗಿ ನೆನಪಾಗುವದು, ಈ ಸರಣಿಯು ನೋಡುವವರಿಗೆ ಬಾಯಿಪಾಠವಾಗಿಹೋಗಿದೆ. ಈಗ ಅದೇ ಕಥಾಬೀಜವು ಇಬ್ಬರು ತರುಣರ ಅನುರಾಗವನ್ನು ವಸ್ತುವಾಗುಳ್ಳ, ಬಾಯ್ಸ್ ಲವ್ ಎಂಬ ಹೆಸರಿನಿಂದ ಪ್ರಸಿದ್ಧವಾದ ನಾಟಕಗಳಲ್ಲಿಯೂ ಕಾಣಿಸಿಕೊಂಡಿದೆ; ಪ್ರೇಕ್ಷಕರಲ್ಲಿ ಅಭಿಪ್ರಾಯಭೇದವೂ ಹುಟ್ಟಿದೆ. ಇದು ಕೇವಲ ಮನರಂಜನೆಯ ಮಾತೆಂದು ನಮ್ಮ ವಾಚಕರಲ್ಲಿ ಕೆಲವರು ತಳ್ಳಿಹಾಕಬಹುದು. ಆದರೆ ಈ ವಾದವನ್ನು ತುದಿಯವರೆಗೆ ಹಿಂಬಾಲಿಸಿದರೆ ನಾವು ನಾಟ್ಯಶಾಲೆಯನ್ನು ಬಿಟ್ಟು ಆಸ್ಪತ್ರೆಯ ಬಾಗಿಲಿಗೂ ನ್ಯಾಯಾಲಯದ ಕಟ್ಟೆಗೂ ಬಂದು ನಿಲ್ಲುತ್ತೇವೆ. ಆದಕಾರಣ ಇದನ್ನು ವಿವೇಚಿಸುವದು ಯುಕ್ತವೆಂದು ತೋರುತ್ತದೆ.

ಮೊದಲು ಈ ನಾಟಕಗಳ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಬೇಕು. ಇವುಗಳ ಮೂಲವಿರುವದು ಜಪಾನಿನಲ್ಲಿ. 1970ರ ದಶಕದಲ್ಲಿ ತಾಕೆಮಿಯಾ ಕೈಕೊ, ಹಾಗಿಯೊ ಮೊಟೊ ಮೊದಲಾದ ಚಿತ್ರಕಥಾ ಲೇಖಕಿಯರು ತರುಣಿಯರ ಪತ್ರಿಕೆಗಳಲ್ಲಿ ಹುಡುಗರ ಪರಸ್ಪರ ಪ್ರೇಮದ ಕಥೆಗಳನ್ನು ಬರೆಯತೊಡಗಿದರು. ಬರೆದವರೂ ಹೆಂಗಸರು, ಓದಿದವರೂ ಬಹುಮಟ್ಟಿಗೆ ಹೆಂಗಸರು. ಆ ಪ್ರಕಾರವು ಕಾಲಕ್ರಮದಲ್ಲಿ ಸಮುದ್ರ ದಾಟಿತು. ಥಾಯ್ಲೆಂಡಿನಲ್ಲಿ 2014ರ ತರುವಾಯ ಅದು ದೂರದರ್ಶನದ ದೊಡ್ಡ ಉದ್ಯಮವೇ ಆಯಿತು. ಕೊರಿಯಾದಲ್ಲಿ ಇದರ ಆರಂಭವು 2020ರ ‘ವೇರ್ ಯುವರ್ ಐಸ್ ಲಿಂಗರ್’ ಎಂಬ ಕಿರುನಾಟಕದಿಂದಾಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. 2022ರಲ್ಲಿ ಬಂದ ‘ಸೆಮ್ಯಾಂಟಿಕ್ ಎರರ್’ ಎಂಬ 8 ಕಂತುಗಳ ನಾಟಕವು ಎಷ್ಟು ಜನಪ್ರಿಯವಾಯಿತೆಂದರೆ ಅದೇ ವರ್ಷ ಅದನ್ನು ಚಲಚ್ಚಿತ್ರವಾಗಿ ಜೋಡಿಸಿ ಚಿತ್ರಮಂದಿರಗಳಲ್ಲಿಯೂ ತೋರಿಸಿದರು. ಇಂದು ಈ ನಾಟಕಗಳಿಗೆ ಅಡಿಬರಹಗಳ ಸಹಾಯದಿಂದ ಹಲವು ದೇಶಗಳಲ್ಲಿ ನೋಟಕರಿದ್ದಾರೆ.

ಇನ್ನು ಪ್ರೇಕ್ಷಕರ ಮೊದಲನೆಯ ಆಕ್ಷೇಪ. ಮರೆವು ಸವೆದ ನಾಣ್ಯವೆಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಯೂನ್ ಸೋಕ್-ಹೊ ನಿರ್ದೇಶಿಸಿದ, 2002ರಲ್ಲಿ 20 ಕಂತುಗಳಲ್ಲಿ ಪ್ರಸಾರವಾದ ‘ವಿಂಟರ್ ಸೊನಾಟಾ’ ಎಂಬ ನಾಟಕವು ಕೊರಿಯಾದ ಹೆಸರನ್ನು ನೆರೆಯ ಜಪಾನಿನಲ್ಲಿ ಮನೆಮಾತಾಗಿಸಿತು. ಅದರ ಜೀವಾಳವೇ ಮರೆವು. ಅದರ ಯಶಸ್ಸಿನ ಬೆನ್ನಿಗೆ ಮರೆವಿನ ನಾಯಕ ನಾಯಿಕೆಯರು ಮತ್ತೆ ಮತ್ತೆ ಬಂದರು. ವೈದ್ಯಶಾಸ್ತ್ರವೂ ಈ ಕಥೆಗಳಿಗೆ ಅನುಕೂಲವಾಗಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಸಾಮಾನ್ಯವಾಗಿ ಮರೆಯುವದು ಅಪಘಾತದ ಆಸುಪಾಸಿನ ಸಂಗತಿಗಳು. ತನ್ನ ಹೆಸರು, ಊರು, ಬಂಧುಬಳಗ ಎಲ್ಲವೂ ಒಮ್ಮೆಲೆ ಅಳಿಸಿಹೋಗುವದು ಅತಿ ವಿರಳ. ಎರಡನೆಯ ಪೆಟ್ಟಿನಿಂದ ನೆನಪು ಮರಳುವದಂತೂ ಕಥೆಗಾರರ ಸೃಷ್ಟಿಯೇ ಸರಿ. ‘ಬುದ್ಧಿ ಮರೆತರೂ ಹೃದಯ ಮರೆಯದು’ ಎಂಬ ಮಾತಿಗೆ ಮಾತ್ರ ಅಲ್ಪಸ್ವಲ್ಪ ಆಧಾರವುಂಟು. 1953ರಲ್ಲಿ ಮೂರ್ಛೆರೋಗದ ನಿವಾರಣೆಗೆಂದು ಮಿದುಳಿನ ಶಸ್ತ್ರಚಿಕಿತ್ಸೆಗೊಳಗಾದ ಹೆನ್ರಿ ಮೊಲೈಸನ್ ಎಂಬ ಅಮೇರಿಕದ ಗೃಹಸ್ಥನಿಗೆ ಅಲ್ಲಿಂದ ಮುಂದಿನ ಸಂಗತಿಗಳು ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವನಿಂದ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕೃತಿಯನ್ನು ಬರೆಯಿಸಿದಾಗ, ದಿನದಿನಕ್ಕೆ ಅವನ ಕೈ ಪಳಗುತ್ತ ಬಂತು. ಆದರೆ ಹಿಂದಿನ ದಿನ ಬರೆದದ್ದು ಅವನಿಗೆ ತಿಳಿಯದು. ಆದರೂ ಇದು ಕೈಯ ಪಳಗಿಕೆಯ ಮಾತು. ಅನುರಾಗವೂ ಹೀಗೆಯೇ ಉಳಿಯುತ್ತದೆಯೆಂದು ಇದರಿಂದ ಸಿದ್ಧವಾಗುವದಿಲ್ಲ.

ಆದರೆ ಹಳೆಯದಾದ ಮಾತ್ರಕ್ಕೆ ಒಂದು ತಂತ್ರವು ತ್ಯಾಜ್ಯವಾಗುವದಾದರೆ ಕಾಳಿದಾಸನನ್ನೂ ನಾವು ತ್ಯಜಿಸಬೇಕಾದೀತು. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಮರೆತಿರಲಿಲ್ಲ. ಗುರುತು ಹತ್ತಿಯೂ ಇಲ್ಲವೆಂದನು. ಬರಿಯ ಅವಳ ಮಾತಿನ ಮೇಲೆ ಸ್ವೀಕರಿಸಿದರೆ ಜನರು ಸಂಶಯಪಟ್ಟಾರೆಂಬುದು ಅವನು ಕೊಟ್ಟ ಕಾರಣ. ದುರ್ವಾಸರ ಶಾಪವನ್ನೂ ಕಳೆದುಹೋಗುವ ಉಂಗುರವನ್ನೂ ತಂದು ರಾಜನನ್ನು ಅಪವಾದದಿಂದ ಪಾರುಮಾಡಿದವನು ಕಾಳಿದಾಸನು. ಮರೆವು ನಾಯಕನ ತಪ್ಪಿಗೆ ತೆರೆ ಎಳೆಯುವ ಉಪಾಯವೆಂಬ ಇಂದಿನ ಪ್ರೇಕ್ಷಕರ ದೂರು ಇಲ್ಲಿಯೂ ಸಲ್ಲುವಂಥದೇ. ಆದರೆ ಆ ಕಥೆಯಲ್ಲಿ ಮುಖ್ಯವಾದ ಸಂಗತಿ ಬೇರೊಂದಿದೆ. ಶಕುಂತಲೆಯದು ಗಾಂಧರ್ವ ವಿವಾಹ. ಅಗ್ನಿಸಾಕ್ಷಿಯಿಲ್ಲ, ಪುರೋಹಿತನಿಲ್ಲ, ಕೂಡಿದ ಮಹಾಜನರಿಲ್ಲ. ಅಂಥ ಸಂಬಂಧದಲ್ಲಿ ಇಬ್ಬರ ನೆನಪೇ ದಫ್ತರ. ಒಬ್ಬನು ಮರೆತನೆಂದರೆ ದಫ್ತರದ ಅರ್ಧವು ಸುಟ್ಟುಹೋದಂತೆ. ಸಭೆಯಲ್ಲಿ ನಿಂತ ಆ ಹೆಣ್ಣುಮಗಳ ದುರವಸ್ಥೆಗೆ ಕಾರಣವು ಶಾಪವೊಂದೇ ಅಲ್ಲ, ಸಾಕ್ಷಿಯ ಅಭಾವವೂ ಹೌದು.

ಎರಡನೆಯ ಆಕ್ಷೇಪವು ನಾಟಕಗಳ ಗಾತ್ರದ್ದು. ಇವುಗಳಲ್ಲಿ ಹಲವು ಎಂಟು ಹತ್ತು ಸಣ್ಣ ಕಂತುಗಳಲ್ಲಿ ಮುಗಿದುಹೋಗುತ್ತವೆ. ಅಷ್ಟರೊಳಗೆ ಪ್ರೇಮ ಬೆಳೆಯಬೇಕು, ಅಳಿಯಬೇಕು, ಮತ್ತೆ ಚಿಗುರಬೇಕು. ಕಳೆದುಹೋದದ್ದು ಏನೆಂಬುದನ್ನು ನೋಡುವವರಿಗೆ ಮೊದಲು ತೋರಿಸದೆ, ಕಳೆದುಹೋಯಿತೆಂದು ಅಳಿಸಲು ಹೊರಟರೆ ಕಣ್ಣೀರು ಬರುವದೆಂತು? ಈ ಆಕ್ಷೇಪವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಹಣದ ಕೊರತೆಯಿಂದ ಕಂತುಗಳು ಕಡಮೆಯಾಗಬಹುದು. ಆದರೆ ಕಂತುಗಳು ಕಡಮೆಯಿರುವಲ್ಲಿ ಮರೆವಿನಂಥ ದೀರ್ಘಕಾಲವನ್ನು ಬೇಡುವ ವಸ್ತುವನ್ನು ಆರಿಸಿಕೊಳ್ಳುವದು ಕಥೆಗಾರನ ಅವಿವೇಕವೇ ಆಗುತ್ತದೆ.

ಮೂರನೆಯದು ಎಲ್ಲಕ್ಕೂ ಗಂಭೀರವಾದದ್ದು. ಇಂಥ ಕಥೆಯಲ್ಲಿ ನೆನಪುಳ್ಳವನು ನೆನಪಳಿದವನಿಗೆ ತಮ್ಮ ಸಂಬಂಧವನ್ನು ತಿಳಿಸದೆ, ಬರಿಯ ಗೆಳೆಯನೆಂದೋ ಜತೆಯ ವಾಸಿಗನೆಂದೋ ಹೇಳಿಕೊಂಡು ಬಳಿಯಲ್ಲಿ ಉಳಿದಾಗ, ಅದು ತ್ಯಾಗವೋ ವಂಚನೆಯೋ ಎಂಬ ಪ್ರಶ್ನೆ ಏಳದೆ ಇರದು. ತ್ಯಾಗವೆನ್ನುವವರು ಅವನ ಸಹನೆಯನ್ನು ಕೊಂಡಾಡುತ್ತಾರೆ. ವಂಚನೆಯೆನ್ನುವವರು, ಒಬ್ಬನಿಗೆ ಎಲ್ಲವೂ ಗೊತ್ತಿದ್ದು ಇನ್ನೊಬ್ಬನಿಗೆ ಏನೂ ಗೊತ್ತಿಲ್ಲದಿರುವಾಗ ಹುಟ್ಟುವ ಒಲವು ಸ್ವತಂತ್ರ ಒಲವಲ್ಲವೆನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯವರ ಪಕ್ಷವು ಬಲವಾದದ್ದು. ಮನಸ್ಸಿನ ಒಳಗುಟ್ಟುಗಳನ್ನೆಲ್ಲ ಮೊದಲೇ ತಿಳಿದವನು, ತಿಳಿಯದವನ ಮನವೊಲಿಸಲು ಆ ತಿಳಿವನ್ನು ಬಳಸಿದರೆ ಅದು ಸರಿಯಾದ ನಡತೆಯಲ್ಲ. ಆದರೆ ತೀರ್ಪು ಕೊಡುವ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆಯುಂಟು: ಅವನೇಕೆ ಬಾಯಿ ಬಿಡುವದಿಲ್ಲ? ‘ನಾನು ನಿನ್ನ ಬಾಳಿನ ಜತೆಗಾರನು’ ಎಂದು ಹೇಳಿದರೆ ಅದಕ್ಕೆ ಅವನು ಯಾವ ಕಾಗದವನ್ನು ತೋರಿಸಬಲ್ಲನು?

ಇಲ್ಲಿ ಕಥೆಯನ್ನು ಬಿಟ್ಟು ಕೊರಿಯಾದ ಕಾಯಿದೆಯ ಕಡೆಗೆ ತಿರುಗಬೇಕಾಗುತ್ತದೆ. ಆ ದೇಶದಲ್ಲಿ ಗಂಡುಹೆಣ್ಣುಗಳ ವಿವಾಹವು ಸರಕಾರದ ಕುಟುಂಬ ಸಂಬಂಧಗಳ ದಾಖಲೆಯಲ್ಲಿ ಸೇರುತ್ತದೆ. ಗಂಡನು ಎಲ್ಲವನ್ನೂ ಮರೆತರೂ ದಾಖಲೆಯು ಮರೆಯುವದಿಲ್ಲ. ಇಬ್ಬರು ಗಂಡಸರಿಗೆ ಅಥವಾ ಇಬ್ಬರು ಹೆಂಗಸರಿಗೆ ಈ ದಾಖಲೆಯಲ್ಲಿ ದಂಪತಿಗಳೆಂಬ ಸ್ಥಾನವಿಲ್ಲ. ಚಲಚ್ಚಿತ್ರ ನಿರ್ದೇಶಕ ಕಿಮ್ ಜೋ ಗ್ವಾಂಗ್-ಸೂ 2013ರಲ್ಲಿ ಸೋಲ್ ನಗರದಲ್ಲಿ ಸಾರ್ವಜನಿಕರ ಮುಂದೆ ತನ್ನ ಸಂಗಾತಿಯೊಡನೆ ವಿವಾಹ ಸಮಾರಂಭ ನಡೆಸಿದರು. ದಾಖಲೆಗೆ ಅರ್ಜಿ ಕೊಟ್ಟಾಗ ಸ್ಥಳೀಯ ಕಚೇರಿಯು ನಿರಾಕರಿಸಿತು. 2016ರಲ್ಲಿ ನ್ಯಾಯಾಲಯವೂ ಅವರ ಮನವಿಯನ್ನು ತಳ್ಳಿಹಾಕಿತು. ಇದೇ ನಿರ್ದೇಶಕರು 2022ರಲ್ಲಿ ‘ದ ನ್ಯೂ ಎಂಪ್ಲಾಯಿ’ ಎಂಬ ಬಾಯ್ಸ್ ಲವ್ ನಾಟಕವನ್ನು ಮಾಡಿದರೆಂಬುದನ್ನು ಗಮನಿಸತಕ್ಕದ್ದು. ತೆರೆಯ ಮೇಲೆ ಜೋಡಿಯನ್ನು ಕೂಡಿಸಬಲ್ಲವರಿಗೆ ದಫ್ತರದಲ್ಲಿ ತಮ್ಮ ಹೆಸರನ್ನು ಕೂಡಿಸಲಾಗಲಿಲ್ಲ.

ಇನ್ನೊಂದು ಪ್ರಕರಣದಲ್ಲಿ ಅರ್ಧ ಬಾಗಿಲು ತೆರೆಯಿತು. 2020ರಲ್ಲಿ ಇಬ್ಬರು ಸಂಗಾತಿಗಳಲ್ಲಿ ಒಬ್ಬರನ್ನು ಇನ್ನೊಬ್ಬರ ಆರೋಗ್ಯ ವಿಮೆಯಲ್ಲಿ ಅವಲಂಬಿತರೆಂದು ಸೇರಿಸಿಕೊಂಡಿದ್ದ ರಾಷ್ಟ್ರೀಯ ಆರೋಗ್ಯ ವಿಮಾ ಸಂಸ್ಥೆಯು, ವಿಷಯವು ಬಹಿರಂಗವಾದ ಮೇಲೆ ಅದನ್ನು ರದ್ದುಮಾಡಿತು. ವಿವಾಹ ದಾಖಲಾಗದೆ ಕೂಡಿ ಬಾಳುವ ಗಂಡುಹೆಣ್ಣುಗಳಿಗೆ ಇದ್ದ ಸೌಲಭ್ಯವು ತಮಗೇಕಿಲ್ಲವೆಂದು ಅವರು ಮೊಕದ್ದಮೆ ಹೂಡಿದರು. 2022ರ ಜನವರಿಯಲ್ಲಿ ಸೋತರು; 2023ರ ಫೆಬ್ರುವರಿಯಲ್ಲಿ ಮೇಲಿನ ನ್ಯಾಯಾಲಯದಲ್ಲಿ ಗೆದ್ದರು; 2024ರ ಜುಲೈ 18ರಂದು ಕೊರಿಯಾದ ಸರ್ವೋಚ್ಚ ನ್ಯಾಯಾಲಯವು ಆ ಗೆಲುವನ್ನು ಎತ್ತಿಹಿಡಿಯಿತು. ಇದು ಸಣ್ಣ ಮಾತಲ್ಲ. ಆದರೆ ಇದರಿಂದ ವಿಮೆ ಸಿಕ್ಕಿತೇ ಹೊರತು ವಿವಾಹ ಸಿಕ್ಕಲಿಲ್ಲ. ಮರಣಶಯ್ಯೆಯಲ್ಲಿರುವವರ ಚಿಕಿತ್ಸೆಯನ್ನು ಮುಂದುವರಿಸುವ ಇಲ್ಲವೆ ನಿಲ್ಲಿಸುವ ಬಗ್ಗೆ 2018ರಲ್ಲಿ ಜಾರಿಗೆ ಬಂದ ಕಾಯಿದೆಯು, ಮಾತನಾಡಲಾರದ ರೋಗಿಯ ಪರವಾಗಿ ನುಡಿಯುವ ಅಧಿಕಾರವನ್ನು ದಾಖಲೆಯಲ್ಲಿರುವ ಸತಿಪತಿ, ತಂದೆತಾಯಿ, ಮಕ್ಕಳು, ಮೊದಲಾದ ಬಂಧುಗಳಿಗೆ ಕೊಟ್ಟಿತು. ಜತೆಯಲ್ಲಿ ಬಾಳಿದ ಗೆಳೆಯನ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಈ ಬೆಳಕಿನಲ್ಲಿ ಹಳೆಯ ‘ವಿಂಟರ್ ಸೊನಾಟಾ’ವನ್ನು ಮತ್ತೆ ನೋಡಬೇಕು. ಅಪಘಾತಕ್ಕೆ ಸಿಕ್ಕಿದ ತರುಣನು ಸತ್ತನೆಂದೇ ಅವನನ್ನು ಪ್ರೀತಿಸಿದ ಹುಡುಗಿಯು ನಂಬುವಳು. ಅವನ ತಾಯಿಯು ಮಗನ ಹಳೆಯ ನೆನಪನ್ನು ಅಳಿಸಿ, ಬೇರೆ ಹೆಸರನ್ನೂ ಬೇರೆ ಪೂರ್ವಕಥೆಯನ್ನೂ ಅವನಿಗೆ ಕೊಡಿಸುವಳು. ಹತ್ತು ವರ್ಷಗಳ ಮೇಲೆ ಅವನು ಅಪರಿಚಿತನಾಗಿ ಎದುರಾಗುವನು. ಹಾಸಿಗೆಯ ಪಕ್ಕದಲ್ಲಿ ಕೂಡುವ ಹಕ್ಕು ಯಾರಿಗಿದೆಯೋ ಅವರೇ ರೋಗಿಯ ಹಿಂದಿನ ಬಾಳನ್ನು ಬರೆಯಬಲ್ಲರೆಂಬ ಭಯಂಕರ ಸತ್ಯವು ಆ ಕಣ್ಣೀರಿನ ಕಥೆಯ ಒಳಗಿತ್ತು. ಆ ಹುಡುಗಿಯು ಶಾಲೆಯಲ್ಲಿ ಓದುತ್ತಿದ್ದವಳು. ಅವಳಿಗೆ ಇನ್ನೂ ಯಾವ ಹಕ್ಕೂ ಹುಟ್ಟಿರಲಿಲ್ಲ. ಇಬ್ಬರು ಗಂಡಸರಾದರೋ ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೂ ಅವಳು ನಿಂತಲ್ಲಿಯೇ ನಿಲ್ಲಬೇಕಾಗುತ್ತದೆ. ತಾಯಿತಂದೆಗಳಿಗೆ ಆ ಸಂಬಂಧವು ಹಿಡಿಸದಿದ್ದರೆ, ಮಗನ ಮರೆವು ಅವರಿಗೆ ದೇವರು ಕೊಟ್ಟ ಅನುಕೂಲವಾಗಿ ಕಾಣಬಹುದು. ಸವೆದ ನಾಣ್ಯವೆಂದು ಪ್ರೇಕ್ಷಕರು ಬಿಸುಟ ಮರೆವು ಇಲ್ಲಿ ಹೊಸ ತೂಕವನ್ನು ಪಡೆಯುತ್ತದೆ.

ಹೀಗಿರುವಾಗ ನಮ್ಮ ದೂರು ಬೇರೆ ತೆರನಾದದ್ದು. ಈ ನಾಟಕಗಳು ಮರೆವನ್ನು ಬಳಸುತ್ತವೆಂಬುದು ದೋಷವಲ್ಲ. ಅದರ ತೂಕವನ್ನು ಹೊರಲು ಅಂಜುತ್ತವೆಂಬುದು ದೋಷ. ಇವುಗಳಲ್ಲಿ ಹಲವು ನಡೆಯುವದು ವಿರೋಧವೇ ಇಲ್ಲದ ಊರುಗಳಲ್ಲಿ. ನೆರೆಹೊರೆಯವರ ನಿಂದೆಯಿಲ್ಲ, ತಂದೆಯ ಕೋಪವಿಲ್ಲ, ಕಚೇರಿಯ ಗುಮಾಸ್ತನಿಲ್ಲ. ದಿನವೂ ನೋಯುವವರಿಗೆ ಅರ್ಧ ಗಂಟೆಯ ವಿಶ್ರಾಂತಿ ಬೇಡವೇ ಎಂದು ಕೆಲವು ಪ್ರೇಕ್ಷಕರು ಕೇಳುತ್ತಾರೆ. ಕೇಳತಕ್ಕ ಮಾತೇ. ಏಕೆಂದರೆ ಹೊರಗಿನ ಊರು ಹಾಗಿಲ್ಲ. 2000ದಲ್ಲಿ ತನ್ನ ಒಲವಿನ ಸ್ವರೂಪವನ್ನು ಬಹಿರಂಗಪಡಿಸಿದ ನಟ ಹೊಂಗ್ ಸೋಕ್-ಚೊನ್‌ಗೆ ದೂರದರ್ಶನದ ಕೆಲಸ ತಪ್ಪಿತು. 2010ರಲ್ಲಿ ‘ಲೈಫ್ ಈಸ್ ಬ್ಯೂಟಿಫುಲ್’ ಎಂಬ ಧಾರಾವಾಹಿಯು ಇಂಥ ಜೋಡಿಯೊಂದನ್ನು ಕುಟುಂಬದ ನಡುವೆ ತೋರಿಸಿದಾಗ ಪತ್ರಿಕೆಗಳಲ್ಲಿ ವಿರೋಧದ ಜಾಹೀರಾತು ಬಂತು. 2024ರಲ್ಲಿ ಪಾರ್ಕ್ ಸಾಂಗ್-ಯೋಂಗ್ ಅವರ ‘ಲವ್ ಇನ್ ದ ಬಿಗ್ ಸಿಟಿ’ ಕಾದಂಬರಿಯು ನಾಟಕವಾದಾಗಲೂ ಪ್ರತಿಭಟನೆಗಳಾದವು. ವಿಶ್ರಾಂತಿಯನ್ನು ನಾವು ನಿಷೇಧಿಸುವದಿಲ್ಲ. ಆದರೆ ಮರೆವಿನ ಕಥೆಯನ್ನು ಕೈಗೆತ್ತಿಕೊಂಡವನು ಆಸ್ಪತ್ರೆಯ ದೃಶ್ಯವನ್ನು ಬರೆಯಲೇಬೇಕು. ಆಸ್ಪತ್ರೆಯಲ್ಲಿ ‘ನೀವು ರೋಗಿಗೆ ಏನಾಗಬೇಕು?’ ಎಂಬ ಪ್ರಶ್ನೆಯು ಬಂದೇ ಬರುತ್ತದೆ. ಅದನ್ನು ಹಾರಿಸಿದರೆ ಕಥೆಯ ಬೆನ್ನೆಲುಬೇ ಮುರಿಯುತ್ತದೆ.

ನಾಟಕವು ಕಾಯಿದೆಯ ಪುಸ್ತಕವಲ್ಲವೆಂದು ಇದಕ್ಕೆ ಉತ್ತರ ಬರಬಹುದು. ಅಲ್ಲವೇ ಅಲ್ಲ. ನಾವು ಪಾತ್ರಗಳಿಂದ ಭಾಷಣವನ್ನು ಬೇಡುತ್ತಿಲ್ಲ. ಒಂದು ಪ್ರಶ್ನೆ, ಉತ್ತರಿಸುವ ಮುನ್ನ ಒಂದು ಕ್ಷಣದ ಮೌನ, ಇಷ್ಟೇ ಸಾಕು. ಆ ಒಂದು ದೃಶ್ಯದಿಂದ ಮೂರನೆಯ ಆಕ್ಷೇಪಕ್ಕೂ ಸಮಾಧಾನ ದೊರೆಯುತ್ತದೆ. ನೆನಪುಳ್ಳವನ ಮೌನವು ಕಪಟವೋ ನಿರುಪಾಯವೋ ಎಂಬುದನ್ನು ನೋಡುವವರು ತಾವೇ ನಿರ್ಣಯಿಸಬಲ್ಲರು. ಈ ಮಾತು ಕೊರಿಯಾಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಮ್ಮ ವಾಚಕರು ತಿಳಿಯಬಾರದು. ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ಇಂಥ ಒಲವನ್ನು ಅಪರಾಧಗಳ ಸಾಲಿನಿಂದ ತೆಗೆಯಿತು. 2023ರ ಅಕ್ಟೋಬರ್ 17ರಂದು, ಅಂಥವರ ವಿವಾಹವನ್ನು ಮಾನ್ಯಮಾಡಲು ತನಗೆ ಬರುವದಿಲ್ಲ, ಅದು ಶಾಸನಸಭೆಯ ಕೆಲಸವೆಂದು ಹೇಳಿತು.

ಒಟ್ಟಿನಲ್ಲಿ ನಾವು ಹೇಳುವದಿಷ್ಟು. ಪ್ರೇಕ್ಷಕರು ಮರೆವಿನ ಕಥೆಗಳನ್ನು ಬೇಸರದಿಂದ ನೂಕದೆ, ಅವುಗಳಿಂದ ಹೆಚ್ಚಿನದನ್ನು ಕೇಳಬೇಕು. ಮರೆತವನಿಗೆ ನೆನಪು ಯಾವಾಗ ಬರುವದೆಂದು ಕಾಯುವದಕ್ಕಿಂತ, ಅದು ಬಾರದೆ ಹೋದರೆ ಇನ್ನೊಬ್ಬನ ಗತಿಯೇನೆಂದು ಕೇಳಬೇಕು. ಕಥೆಗಾರರು ಆ ಪ್ರಶ್ನೆಗೆ ಎದೆಗೊಡಬೇಕು. ಅಧಿಕಾರಸ್ಥರಲ್ಲಿ ಯಾರಾದರೂ ಈ ನಾಟಕಗಳನ್ನು ನೋಡುವವರಿದ್ದರೆ, ಕೂಡಿ ಬಾಳಿದವರ ಸಂಬಂಧವನ್ನು ಇಬ್ಬರ ನೆನಪಿನ ಮೇಲೆ ಮಾತ್ರ ಬಿಟ್ಟುಕೊಡುವದು ನ್ಯಾಯವೇ ಎಂಬುದನ್ನು ಅವರು ತಮ್ಮ ಮೇಜಿನ ಮುಂದೆ ಕುಳಿತು ಯೋಚಿಸಲಿ. ಅಪಘಾತಗಳು ನಾಟಕದಲ್ಲಿ ಮಾತ್ರ ಸಂಭವಿಸುವದಿಲ್ಲ.