ಸಮುದ್ರದಾಚೆಯ ಮನೆ ಮತ್ತು ಕಾಗದಪತ್ರ

ಕಳೆದ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿ ಕರೆ ಮಾಡಿದನು. ಹೆಸರು ಹೇಳುವುದಿಲ್ಲ, ಈ ಪುಟವನ್ನು ಅವನೂ ಓದುತ್ತಾನೆ, ಅವನ ಸಹಪಾಠಿಗಳೂ ಓದುತ್ತಾರೆ. ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಉತ್ತರ ಬರೆಯತೊಡಗುತ್ತಿದ್ದ ಹುಡುಗ ಎಂದರೆ ಕೆಲವರಿಗೆ ಹೊಳೆದೀತು. ಸ್ಪೇನ್ ದೇಶದ ದಕ್ಷಿಣ ಕರಾವಳಿಯಲ್ಲಿ, ಮಾಲಗಾ ಪ್ರಾಂತ್ಯದ ನೆರ್ಹಾ ಎಂಬ ಊರಿನಲ್ಲಿ, ರಜೆಯ ದಿನಗಳಿಗೆಂದು ಫ್ಲ್ಯಾಟೊಂದನ್ನು ಕೊಳ್ಳಹೊರಟಿದ್ದನು. ಮಾರುವವರು ಅವನ ಪರಿಚಯದ ವೃದ್ಧ ಇಂಗ್ಲಿಷ್ ದಂಪತಿ. ನಡುವೆ ದಲ್ಲಾಳಿಯಿಲ್ಲ.

"ಬಹಳ ಸಜ್ಜನರು ಸರ್. ವಕೀಲರನ್ನು ಇಟ್ಟರೆ ಅವರನ್ನು ಅನುಮಾನಿಸಿದಂತಾಗುತ್ತದೆ. ಮುಂಗಡವನ್ನು ನೇರವಾಗಿ ಅವರ ಖಾತೆಗೇ ಹಾಕಿಬಿಡುತ್ತೇನೆ" ಎಂದನು.

ನನಗೆ 1991ನೆಯ ಇಸವಿ ನೆನಪಾಯಿತು. ಆಗ ನಾನೂ ಒಬ್ಬ ಸಜ್ಜನರಿಂದ ಊರಂಚಿನಲ್ಲಿ ನಿವೇಶನವೊಂದನ್ನು ಕೊಳ್ಳಲು ಹದಿನೆಂಟು ಸಾವಿರ ರೂಪಾಯಿ ಮುಂಗಡ ಕೊಟ್ಟಿದ್ದೆನು. ಬಿಳಿಯ ಹಾಳೆಯ ಮೇಲೆ ಎರಡು ಸಾಲಿನ ರಸೀದಿ. ಋಣಭಾರ ಪತ್ರ ಕೇಳಲು ಸಂಕೋಚ. ಅದು ಅವಿಭಕ್ತ ಕುಟುಂಬದ ಜಮೀನೆಂದೂ, ಅಣ್ಣನು ಪಾಲಿಗಾಗಿ ದಾವೆ ಹೂಡಿದ್ದಾನೆಂದೂ, ಭೂಪರಿವರ್ತನೆಯೇ ಆಗಿಲ್ಲವೆಂದೂ ಆಮೇಲೆ ತಿಳಿಯಿತು. ಹಣ ಬರಲಿಲ್ಲ. ಆ ಮುಂಗಡಕ್ಕಾಗಿ ನನ್ನ ಮನೆಯಾಕೆ ತನ್ನ ಬಳೆಗಳನ್ನು ಅಡವಿಟ್ಟ ಸಂಗತಿ ನಮ್ಮ ಬಂಧುಗಳಲ್ಲಿ ಅನೇಕರಿಗೆ ಇಂದೇ ತಿಳಿಯುತ್ತಿರುವುದು. ಮಾರಿದವರು ಮೋಸಗಾರರೆಂದು ನಾನು ಈಗಲೂ ಹೇಳಲಾರೆ. ತಮ್ಮ ಆಸ್ತಿಯ ಸ್ಥಿತಿ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಆದ್ದರಿಂದ ಅವನಿಗೆ "ಹದಿನೈದು ದಿನ ತಡೆ" ಎಂದು ಹೇಳಿ, ಸ್ಪೇನಿನ ಪದ್ಧತಿಯನ್ನು ಮಗಳ ನೆರವಿನಿಂದ ಓದತೊಡಗಿದೆನು. ನಿವೃತ್ತನಿಗೆ ಸಮಯದ ಬರವಿಲ್ಲವಷ್ಟೆ.

ನಮ್ಮ ಋಣಭಾರ ಪತ್ರವನ್ನು ಹೋಲುವ ಕಾಗದಕ್ಕೆ ಅಲ್ಲಿ 'ನೋಟಾ ಸಿಂಪ್ಲೆ' ಎನ್ನುತ್ತಾರೆ. ಆಸ್ತಿ ನೋಂದಣಿ ಕಚೇರಿಯಿಂದ ಅಲ್ಪ ಶುಲ್ಕಕ್ಕೆ ದೊರೆಯುತ್ತದೆ. ಮಾಲೀಕರಾರು, ಅಡಮಾನವಿದೆಯೆ, ಜಪ್ತಿಯಿದೆಯೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆದರೆ ಕಟ್ಟಡ ಕಾನೂನುಬದ್ಧವಾಗಿ ಕಟ್ಟಿದ್ದೇ ಎಂಬುದು ಅದರಿಂದ ತಿಳಿಯದು. ಅದಕ್ಕೆ ಪುರಸಭೆಯಲ್ಲಿ ವಿಚಾರಿಸಬೇಕು. ಅಲ್ಲಿಯ ಕಾಗದವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2008ರ ಜನವರಿಯಲ್ಲಿ ಆಲ್ಮೇರಿಯಾ ಪ್ರಾಂತ್ಯದ ವೇರಾ ಎಂಬಲ್ಲಿ ಬ್ರಿಟಿಷ್ ನಿವೃತ್ತ ದಂಪತಿಯೊಬ್ಬರ ಮನೆಯನ್ನು ನೆಲಸಮ ಮಾಡಿದರು. ಪುರಸಭೆಯ ಪರವಾನಗಿ ಪಡೆದೇ ಅವರು ಅದನ್ನು ಕಟ್ಟಿಸಿದ್ದರು. ಆ ಪರವಾನಗಿ ಆಮೇಲೆ ರದ್ದಾಗಿತ್ತು.

ಮುಂಗಡದ ಕರಾರಿಗೆ 'ಅರ್ರಾಸ್' ಎಂದು ಹೆಸರು. ಸಾಮಾನ್ಯವಾಗಿ ಬೆಲೆಯ ಶೇಕಡಾ 10. ಸ್ಪೇನಿನ ನಾಗರಿಕ ಸಂಹಿತೆಯ 1454ನೆಯ ವಿಧಿಯನ್ವಯ ಬರೆದುಕೊಂಡರೆ, ಕೊಳ್ಳುವವನು ಹಿಂದೆಗೆದರೆ ಮುಂಗಡ ಹೋಯಿತು. ಮಾರುವವನು ಹಿಂದೆಗೆದರೆ ಎರಡರಷ್ಟು ಕೊಡಬೇಕು. ಈ ನಿಯಮ ನನಗೆ ಬಹಳ ಮೆಚ್ಚಿಗೆಯಾಯಿತು. ಆದರೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಇದರ ಪ್ರಯೋಜನ.

ನಮ್ಮವರು ಎಡವುವುದು 'ನೋಟರಿ' ಎಂಬ ಪದದಲ್ಲಿ. ನಮ್ಮ ಊರಿನ ನ್ಯಾಯಾಲಯದ ಮುಂದೆ ಮರದಡಿ ಮೊಹರು ಒತ್ತುವವರನ್ನು ಕಂಡವರು ಸ್ಪೇನಿನ ನೋಟರಿಯ ಘನತೆಯನ್ನು ಊಹಿಸಲಾರರು. ಅವರು ಕಠಿಣ ಪರೀಕ್ಷೆಯಲ್ಲಿ ಗೆದ್ದುಬಂದ ಸಾರ್ವಜನಿಕ ಅಧಿಕಾರಿ. ಕ್ರಯಪತ್ರ, ಅಂದರೆ 'ಎಸ್ಕ್ರಿತೂರಾ', ಅವರ ಸಮ್ಮುಖದಲ್ಲಿಯೇ ಆಗುತ್ತದೆ. ಇಷ್ಟು ದೊಡ್ಡವರಿರುವಾಗ ವಕೀಲರೇಕೆ ಎಂದು ನನ್ನ ಶಿಷ್ಯ ವಾದಿಸಿದನು. ನೋಟರಿ ಉಭಯಪಕ್ಷಗಳಿಗೂ ಸಮಾನರು ಎಂಬುದೇ ಅದಕ್ಕೆ ಉತ್ತರ. ನಿನ್ನ ಪರವಾಗಿ ಪುರಸಭೆಗೆ ಅಲೆಯುವುದು ಅವರ ಕೆಲಸವಲ್ಲ. ಮಾರುವವರಿಗೆ ಸಂಬಂಧವಿಲ್ಲದ, ಅಲ್ಲಿಯದೇ ಆದ ವಕೀಲರೊಬ್ಬರು ಬೇಕೇ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಲಕ್ಷಾಂತರ ಯೂರೋ ಕೊಡುವವನು ವಕೀಲರ ಶುಲ್ಕಕ್ಕೆ ಕೈ ಬಿಗಿಹಿಡಿಯುವುದು ಯಾವ ಲೆಕ್ಕವೋ ನನಗರಿಯದು.

ಇನ್ನು ಬಾಕಿಗಳ ವಿಚಾರ. ಫ್ಲ್ಯಾಟ್ ಮಾಲೀಕರ ಸಂಘಕ್ಕೆ ಹಳೆಯ ಮಾಲೀಕರು ಕೊಡದೆ ಉಳಿಸಿದ ಹಣಕ್ಕೆ, ಚಾಲ್ತಿ ವರ್ಷ ಮತ್ತು ಹಿಂದಿನ ಮೂರು ವರ್ಷಗಳ ಮಟ್ಟಿಗೆ, ಆಸ್ತಿಯೇ ಹೊಣೆ. ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಮಾರುವವರು ತರಬೇಕು. ಕೊಳ್ಳುವವನು ಸೌಜನ್ಯದಿಂದ "ಬೇಡ ಬಿಡಿ" ಎಂದರೆ ವಿನಾಯಿತಿಯುಂಟು. ನನ್ನ ಶಿಷ್ಯ ಖಂಡಿತ ಹಾಗೆಯೇ ಅನ್ನುತ್ತಿದ್ದನು. ಮಾರುವವರು ಸ್ಪೇನಿನ ತೆರಿಗೆ ನಿವಾಸಿಗಳಲ್ಲದಿದ್ದರೆ ಬೆಲೆಯ ಶೇಕಡಾ 3ನ್ನು ಕೊಳ್ಳುವವನೇ ಹಿಡಿದುಕೊಂಡು ಒಂದು ತಿಂಗಳೊಳಗೆ ತೆರಿಗೆ ಇಲಾಖೆಗೆ ಕಟ್ಟಬೇಕು. ಇದು ನಮ್ಮಲ್ಲಿಯ ಮೂಲದಲ್ಲೇ ತೆರಿಗೆ ಕಡಿತದಂತೆಯೇ. ಆಂದಲೂಸಿಯಾದಲ್ಲಿ ಹಳೆಯ ಮನೆಯ ವರ್ಗಾವಣೆ ತೆರಿಗೆ ಶೇಕಡಾ 7, ಅದು ಬೇರೆ. ವಿದೇಶಿಯರ ಗುರುತಿನ ಸಂಖ್ಯೆ ಎನ್.ಐ.ಇ. ಇಲ್ಲದೆ ಯಾವುದೂ ಸಾಗದು. ಕ್ರಯಪತ್ರವಾದ ಮೇಲೆ ನೋಂದಣಿಯನ್ನೂ ತಪ್ಪದೆ ಮಾಡಿಸಬೇಕು. ಮನೆ ಕೊಂಡರೆ ವಾಸದ ಪರವಾನಗಿ ಸಿಗುತ್ತದೆಂಬ ಆಸೆ ಯಾರಿಗಾದರೂ ಇದ್ದರೆ, 2013ರಲ್ಲಿ ಆರಂಭವಾದ ಆ ಸೌಲಭ್ಯ 2025ರ ಏಪ್ರಿಲ್ 3ಕ್ಕೆ ಮುಗಿದಿದೆ.

ಇಲ್ಲಿಯೇ ನೆಲೆಸಿರುವ ನನ್ನ ಓದುಗರಿಗೆ ಒಂದು ಮಾತು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಾತ್ರ ಹೊರಗೆ ಕಳುಹಿಸಬಹುದು. ವಿದೇಶದ ಮನೆಯನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ.

ಶಿಷ್ಯನು ಮುಖ ಸಣ್ಣದು ಮಾಡಿಕೊಂಡೇ ವಕೀಲರನ್ನು ಹಿಡಿದನು. ನೋಟಾ ಸಿಂಪ್ಲೆಯಲ್ಲಿ ಅಡಮಾನವೊಂದು ಇನ್ನೂ ಜೀವಂತವಾಗಿತ್ತು! ದಂಪತಿ ಸಾಲವನ್ನು ವರ್ಷಗಳ ಹಿಂದೆಯೇ ತೀರಿಸಿದ್ದರು. ನೋಂದಣಿಯಲ್ಲಿ ಅದನ್ನು ರದ್ದುಮಾಡಿಸಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಕಾಗದ ಕೇಳಿದ್ದಕ್ಕೆ ಅವರು ಬೇಸರಪಡಲಿಲ್ಲ. ಬದಲಿಗೆ ಆ ಮುದುಕಿ ಇವನಿಗೇ ವಂದನೆ ಹೇಳಿದರಂತೆ. ಈಗ ಬ್ಯಾಂಕಿನಿಂದ ರದ್ದತಿಯ ಪತ್ರ ಬರಬೇಕಾಗಿದೆ.

"ಮನೆಯಾದ ಮೇಲೆ ನೀವೂ ಅಮ್ಮನವರೂ ಬಂದು ಹದಿನೈದು ದಿನ ಇರಬೇಕು ಸರ್" ಎಂದು ಮೊನ್ನೆ ಕರೆದನು. ಟಿಕೆಟ್ಟಿನ ಮಾತು ನೋಂದಣಿಯಾದ ಮೇಲೆ ಎಂದಿದ್ದೇನೆ.