ಗೇಮ್ ಕಥೆ, ಭಾಗ 4: ಸ್ಕಿಪ್ ಒತ್ತೋರು ಸೋಮಾರಿಗಳಲ್ಲ

ಟ್ಯುಟೋರಿಯಲ್ ಬಂದ ತಕ್ಷಣ ಸ್ಕಿಪ್ ಬಟನ್ ಎಲ್ಲಿದೆ ಅಂತ ಹುಡುಕ್ತೀರಾ? ನಾನೂ ಅಷ್ಟೇ. "ಈಗಿನ ಮಕ್ಕಳಿಗೆ ತಾಳ್ಮೆನೇ ಇಲ್ಲ" ಅಂತಾರೆ ದೊಡ್ಡೋರು. ಅದೇ ಮಕ್ಕಳು ಒಂದು ಗನ್ನಿನ ರಿಕಾಯಿಲ್ ಹಿಡಿತಕ್ಕೆ ತರೋಕೆ ಬಿಜಿಎಂಐ ಟ್ರೈನಿಂಗ್ ಗ್ರೌಂಡಲ್ಲಿ ಗಂಟೆಗಟ್ಟಲೆ ಗುಂಡು ಹೊಡೀತಾ ಕೂತಿರ್ತಾರೆ. ತಾಳ್ಮೆ ಇದೆ. ಬೇಡದ ಹೊತ್ತಲ್ಲಿ ಪಾಠ ಬೇಡ, ಅಷ್ಟೇ.

ಆಟ ಇನ್ನೂ ಶುರುನೇ ಆಗಿರಲ್ಲ. ಅಷ್ಟರಲ್ಲಿ ಹತ್ತು ಬಟನ್ನಿಗೆ ಹತ್ತು ಬಾಣದ ಗುರುತು, ಪಕ್ಕದಲ್ಲಿ ಇಂಗ್ಲಿಷ್ ಪ್ಯಾರಾ. ಹಸಿವಾಗೋ ಮುಂಚೆನೇ ಎಲೆ ತುಂಬಾ ಬಡಿಸಿದ ಹಾಗೆ. ಅದರ ಮೇಲೆ ನಮ್ಮ ಕೊಡಗಿನ ಮಳೆಗಾಲ ಬೇರೆ. ಕರೆಂಟ್ ಹೋಗಿ, ಚಾರ್ಜ್ ಮುಗೀತಾ ಬಂದಿರುವಾಗ ಅದನ್ನೆಲ್ಲ ಓದ್ತಾ ಕೂರೋರು ಯಾರು?

ಚೆನ್ನಾಗಿ ಕಲಿಸೋದು ಹೇಗೆ ಅಂತ ನೋಡ್ಬೇಕಾದ್ರೆ 1985ರ ಸೂಪರ್ ಮಾರಿಯೋ ಬ್ರದರ್ಸ್ ಮೊದಲ ಲೆವೆಲ್ ಆಡಿ. ಒಂದು ಸಾಲು ಸೂಚನೆ ಇಲ್ಲ. ಎದುರಿಂದ ಗೂಂಬಾ ನಡ್ಕೊಂಡು ಬರುತ್ತೆ. ತಾಗಿದ್ರೆ ಸತ್ತಿರಿ, ಮುಂದಿನ ಸಲ ತಾನಾಗೇ ಹಾರ್ತೀರಿ. ಹಾರಿದಾಗ ತಲೆ ಪ್ರಶ್ನೆಚಿಹ್ನೆಯ ಡಬ್ಬಿಗೆ ಬಡಿದು ಕಾಯಿನ್ ಬರುತ್ತೆ. ಇನ್ನೊಂದು ಡಬ್ಬಿಯಿಂದ ಬಂದ ಅಣಬೆ ಆಚೆ ಹೋಗಿ, ಪೈಪಿಗೆ ಬಡಿದು, ನಿಮ್ಮ ಕಡೆಗೇ ವಾಪಸ್ ಬರುತ್ತೆ. ತಪ್ಪಿಸ್ಕೊಳ್ಳೋದೇ ಕಷ್ಟ! ಮೈಗೆ ತಾಗಿದ ಮೇಲೆ ಗೊತ್ತಾಗುತ್ತೆ, ಅದು ಒಳ್ಳೇದು ಅಂತ.

1997ರಲ್ಲಿ ಕರಡದಲ್ಲಿ ಶುರುವಾದ ನಮ್ಮ ಕೊಡವ ಕೌಟುಂಬಿಕ ಹಾಕಿಯೂ ಹಿಂಗೇ ಅಲ್ವಾ? ಚಿಕ್ಕ ಹುಡುಗಿ ಕೈಗೆ ಸ್ಟಿಕ್ ಕೊಟ್ಟು ದೊಡ್ಡಪ್ಪ, ಚಿಕ್ಕಪ್ಪಂದಿರ ಜೊತೆ ಒಂದೇ ಟೀಮಲ್ಲಿ ಇಳಿಸ್ತಾರೆ. ಮೊದಲು ರೂಲ್ ಬುಕ್ ಓದ್ಕೊಂಡು ಬಾ ಅಂತ ಯಾರೂ ಹೇಳಲ್ಲ.

ಈಗ ಸ್ವಲ್ಪ ಬಿಕಾಂ ಬುದ್ಧಿ ಓಡಿಸ್ತೀನಿ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಥರದ ಫ್ರೀ ಗೇಮ್‌ಗಳು ಶುರುವಲ್ಲೇ ನಿಮ್ಮ ಕೈಗೆ ಒಂದಿಷ್ಟು ಜೆಮ್ಸ್ ಕೊಡ್ತವೆ. ಕಾಯೋ ಕೆಲಸವನ್ನ ಜೆಮ್ಸ್ ಖರ್ಚು ಮಾಡಿ ತಕ್ಷಣ ಮುಗಿಸೋದು ಹೇಗೆ ಅಂತ ಬೆರಳು ಹಿಡಿದು ಕಲಿಸ್ತವೆ. ಬಹಳಷ್ಟು ಗೇಮ್‌ಗಳಲ್ಲಿ ಈ ಭಾಗಕ್ಕೆ ಸ್ಕಿಪ್ಪೇ ಇರಲ್ಲ. ಆಡೋದು ಕಲೀದಿದ್ರೂ ಪರವಾಗಿಲ್ಲ, ಖರ್ಚು ಮಾಡೋದು ಮಾತ್ರ ಕಲೀಲೇಬೇಕು! ಫ್ರೀ ಸ್ಯಾಂಪಲ್ ಕೊಟ್ಟು ರುಚಿ ಹತ್ತಿಸೋ ಮಾರ್ಕೆಟಿಂಗ್ ಇದು. ಇದಕ್ಕೆ ಟ್ಯುಟೋರಿಯಲ್ ಅನ್ನೋ ಹೆಸರು ಬೇರೆ.

ಮನೇಲಿ ತಮ್ಮನೋ ತಂಗಿನೋ ಹೊಸ ಗೇಮ್ ಹಾಕ್ಕೊಂಡ್ರೆ ಓಡೋದು, ಹಾರೋದು ನೀವು ಹೇಳ್ಕೊಡೋದೇ ಬೇಡ, ಅವರಿಗೇ ಬರುತ್ತೆ. ಜೆಮ್ಸ್ ಪಾಠ ಬಂದಾಗ ಮಾತ್ರ ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ.